ಡಬ್ಬದ ಅಳತೆ

ಕಬ್ಬಿಣ ಎರಕ ಹುಯ್ಯುವ ಫ್ಯಾಕ್ಟರಿಯೊಂದರ ಎಚ್‌ಆರ್, ಅಂದರೆ ಸಿಬ್ಬಂದಿ ವಿಭಾಗ, ನೋಡಿಕೊಳ್ಳುವವಳು ನಾನು. ಕೆಲಸಗಾರರಿಗೆ ಕೆಲಸದ ಮೇಲೆ ಎಷ್ಟು ಮನಸ್ಸಿದೆ ಅಂತ ತಿಳಿಯಲು ಮೂರು ವರ್ಷದ ಹಿಂದೆ ನಮ್ಮ ಫ್ಯಾಕ್ಟರಿಯ ಕ್ಯಾಂಟೀನ್‌ನಲ್ಲಿ ಕೂತು ಒಂದು ಸರ್ವೆ ಮಾಡಿಸಿದ್ದೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಬೆಂಗಳೂರಿನ ಹೆಡ್ ಆಫೀಸಿನಿಂದ ಫಾರಂ ಬಂದಿತ್ತು. ಕನ್ನಡದ್ದೇ, ಆದರೆ ಇಂಗ್ಲಿಷಿನ ಕೋಟು ಬಿಚ್ಚದೇ ಬಂದ ಕನ್ನಡ. ‘ಸಂಸ್ಥೆಯ ಧ್ಯೇಯೋದ್ದೇಶಗಳು ನನ್ನ ಕೆಲಸ ಮಹತ್ವದ್ದೆಂಬ ಭಾವನೆಯನ್ನು ನನ್ನಲ್ಲಿ ಮೂಡಿಸುತ್ತವೆ’ ಅನ್ನುವಂಥ ಸಾಲುಗಳು. ಪ್ರತಿ ಸಾಲಿನ ಮುಂದೆ ಐದು ಚೌಕ. ಮೊದಲನೇ ಚೌಕ ಅಂದರೆ ಒಪ್ಪುವುದೇ ಇಲ್ಲ, ಐದನೆಯದು ಅಂದರೆ ಪೂರ್ತಿ ಒಪ್ಪಿಗೆ. ಮರಳಿನ ಅಚ್ಚು ಮಾಡುವ ಮೋಲ್ಡಿಂಗ್, ಅಚ್ಚಿನೊಳಗಿನ ತಿರುಳು ಮಾಡುವ ಕೋರ್ ಶಾಪ್, ಕಬ್ಬಿಣ ಕರಗಿಸುವ ಮೆಲ್ಟಿಂಗ್, ಎರಕವನ್ನು ಉಜ್ಜಿ ನಯ ಮಾಡುವ ಫೆಟ್ಲಿಂಗ್, ಎಲ್ಲರೂ ಊಟದ ಹೊತ್ತಿಗೆ ಬಂದು ಬರೆದುಕೊಟ್ಟು ಹೋದರು. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆಯ ಫೌಂಡ್ರಿಯಲ್ಲಿ ಕೆಲಸ ಮಾಡಿದವರಿಗೆ ಊಟದ ಅರ್ಧ ಗಂಟೆಯ ಬೆಲೆ ಗೊತ್ತು. ಅದರಲ್ಲಿ ನಾನು ಐದು ನಿಮಿಷ ಕಿತ್ತುಕೊಂಡಿದ್ದೆ. ವಾರದ ನಂತರ ಲೆಕ್ಕ ಬಂತು. ಐದಕ್ಕೆ 4.8. ಕಂಪನಿಯ ಎಲ್ಲ ಘಟಕಗಳಲ್ಲಿ ನಾವೇ ಮೊದಲು. ಮೇಲ್ ಬಂತು, ಅಭಿನಂದನೆ ಬಂತು, ಕೇಕ್ ಬಂತು. ಕೇಕ್ ಕತ್ತರಿಸಿದ್ದು ನಾನೇ.

ಅದಾಗಿ ಮೂರು ವಾರಕ್ಕೆ ದೀಪಾವಳಿ. ಹಬ್ಬ ಮುಗಿದ ಮೇಲೆ ಬೆಳಗಿನ ಆರರ ಶಿಫ್ಟಿಗೆ ಹೋಗಿ ನೋಡಿದರೆ ಅರ್ಧಕ್ಕರ್ಧ ಜನ ಇಲ್ಲ. ಫರ್ನೇಸಿನಲ್ಲಿ ಕಬ್ಬಿಣ ಕರಗಿ ತಯಾರಿದೆ, ಹುಯ್ಯಲು ಅಚ್ಚು ಇಲ್ಲ. ಕರಗಿದ ಕಬ್ಬಿಣವನ್ನು ಸುಮ್ನೆ ಕಾಯಿಸುತ್ತಾ ಇಡುವುದು ಅಂದರೆ ಕರೆಂಟ್ ಬಿಲ್ಲಿಗೆ ಬೆಂಕಿ ಹಚ್ಚಿದ ಹಾಗೆ. ಒಂದು ಲೈನ್ ನಿಲ್ಲಿಸಿದೆವು. ಫೋನ್ ಮಾಡಿದವರೆಲ್ಲ ಒಂದೇ ಮಾತು ಹೇಳಿದರು: ಜ್ವರ. ತೀರ್ಥಹಳ್ಳಿ ಕಡೆಯವರಿಗೂ ಜ್ವರ, ಹೊಸನಗರದವರಿಗೂ ಜ್ವರ, ಆಯನೂರಿನವರಿಗೂ ಜ್ವರ. ನಾನೂ ತೀರ್ಥಹಳ್ಳಿ ಕಡೆಯವಳೇ. ಆ ಜ್ವರದ ಹೆಸರು ನನಗೆ ಚೆನ್ನಾಗಿ ಗೊತ್ತು. ಅಡಿಕೆ ಕೊಯ್ಲು.

ಐದಕ್ಕೆ 4.8 ಕೊಟ್ಟ ಜನ ಒಂದು ನಿಜ ಕಾರಣ ಹೇಳುವಷ್ಟೂ ನಮ್ಮನ್ನು ನಂಬಿರಲಿಲ್ಲ. ಕೊನೆಗೆ ಒಬ್ಬ ಹಳೇ ಮೋಲ್ಡರ್ ಗುಟ್ಟು ಬಿಟ್ಟುಕೊಟ್ಟರು. ‘ಮೇಡಂ, ಎಲ್ಲದಕ್ಕೂ ಕೊನೇ ಚೌಕಕ್ಕೆ ಟಿಕ್ ಹಾಕಿ ಅಂತ ಸೂಪರ್‌ವೈಸರ್ ಹೇಳಿದ್ರು. ಬೇಗ ಮುಗೀತದೆ ಅಂತ. ಅವತ್ತು ಒಬ್ಬಟ್ಟು ಬೇರೆ ಇತ್ತಲ್ಲ.’ ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು. ‘ಮತ್ತೆ ಮೇಲ್ಗಡೆ ಟೋಕನ್ ನಂಬರ್ ಬರೀಬೇಕಿತ್ತಲ್ಲ.’

ಹೌದು. ಯಾರು ಏನು ಬರೆದರು ಅಂತ ಗೊತ್ತಾಗುವುದಿಲ್ಲ ಎಂದು ಭಾಷಣ ಮಾಡಿದ್ದೆ. ಫಾರಂನ ತಲೆಯ ಮೇಲೆ ಟೋಕನ್ ನಂಬರಿಗೆ, ಅಂದರೆ ಪ್ರತಿ ಕೆಲಸಗಾರನ ಗುರುತಿನ ನಂಬರಿಗೆ, ಜಾಗ ಬಿಟ್ಟಿತ್ತು. ನಾನು ನೋಡಿಯೇ ಇರಲಿಲ್ಲ.

ಯಾರದ್ದು ಎಂಗೇಜ್‌ಮೆಂಟು?

ಎಂಪ್ಲಾಯೀ ಎಂಗೇಜ್‌ಮೆಂಟ್ ಕಾರ್ಯಕ್ರಮ, ಅಂದರೆ ಕೆಲಸಗಾರರು ಮನಸ್ಸಿಟ್ಟು ದುಡಿಯುವ ಹಾಗೆ ಮಾಡುವುದು, ಅಂತ ಮೊದಲ ಸಲ ನೋಟಿಸ್ ಹಾಕಿದ ದಿನ ಕೋರ್ ಶಾಪಿನ ಹೆಂಗಸರು ಬಂದು ಕೇಳಿದ್ದರು, ‘ಯಾರದ್ದು ಎಂಗೇಜ್‌ಮೆಂಟು ಮೇಡಂ? ಹುಡುಗಿ ಯಾವೂರು?’ ನಗಾಡಿ ಕಳಿಸಿದ್ದೆ. ಈಗ ಅನ್ನಿಸುತ್ತದೆ, ನಮ್ಮ ಮೀಟಿಂಗುಗಳಿಗಿಂತ ಅವರ ಅರ್ಥವೇ ಚೆನ್ನಾಗಿತ್ತು ಅಂತ. ನಿಶ್ಚಿತಾರ್ಥದಲ್ಲಿ ಎರಡೂ ಕಡೆಯವರು ತಾಂಬೂಲ ಬದಲಾಯಿಸಿಕೊಳ್ಳುತ್ತಾರೆ, ಅಲ್ವಾ. ನಮ್ಮ ಎಂಗೇಜ್‌ಮೆಂಟಿನಲ್ಲಿ ತಟ್ಟೆ ಒಂದೇ ಕಡೆಯಿಂದ ಬರಬೇಕು ಅಂತ ಕಾಯುತ್ತಿದ್ದೆವು.

ಈ ಪದವನ್ನು ಕೆಲಸದ ವಿಷಯಕ್ಕೆ ತಂದವರಲ್ಲಿ ಮೊದಲಿಗರು ವಿಲಿಯಂ ಕಾನ್ ಅನ್ನುವ ಅಮೆರಿಕದ ಪ್ರೊಫೆಸರ್. 1990ರಲ್ಲಿ ಅವರ ಲೇಖನ ಬಂತು. ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ, ಆರ್ಕಿಟೆಕ್ಟ್ ಕಂಪನಿಯೊಂದರಲ್ಲಿ ಇದ್ದು, ಜನ ಯಾವಾಗ ಕೆಲಸದಲ್ಲಿ ಪೂರ್ತಿ ಮುಳುಗುತ್ತಾರೆ, ಯಾವಾಗ ಸುಮ್ನೆ ಕೈಕಾಲು ಆಡಿಸುತ್ತಾರೆ ಅಂತ ನೋಡಿದರು. ಮೂರು ವಿಷಯ ಸಿಕ್ಕಿತು. ಈ ಕೆಲಸಕ್ಕೆ ಅರ್ಥ ಇದೆ ಅನ್ನಿಸಬೇಕು. ಇದ್ದದ್ದು ಇದ್ದ ಹಾಗೆ ಹೇಳಿದರೆ ತಲೆ ಹೋಗುವುದಿಲ್ಲ ಅನ್ನಿಸಬೇಕು. ಮೂರನೆಯದು, ಕೆಲಸಕ್ಕೆ ಕೊಡಲು ಮೈಯಲ್ಲೂ ಮನಸ್ಸಿನಲ್ಲೂ ಏನಾದರೂ ಉಳಿದಿರಬೇಕು. ಎಂಬಿಎ ಓದುವಾಗ ಈ ಮೂರನ್ನೂ ಬಾಯಿಪಾಠ ಮಾಡಿ ನಂಬರ್ ತಗೊಂಡಿದ್ದೆ. ಮೂರನೆಯದರ ಅರ್ಥ ತಿಳಿಯಲು ಮಲೆನಾಡಿಗೆ ವಾಪಸ್ ಬರಬೇಕಾಯಿತು. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯದಿದ್ದರೆ ಒಂದೆಕರೆ ಅಡಿಕೆ ತೋಟಕ್ಕೆ ಕೊಳೆರೋಗ ಬರುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಔಷಧಿ ಹೊಡೆಯುವವನು ನಾಳೆ ಬರ್ತೀನಿ ಅಂತ ಹೇಳಿ ಬಂದಿಲ್ಲ. ಆಕಾಶ ಕಪ್ಪಾಗಿದೆ. ಅಂಥ ದಿನ ಮೋಲ್ಡಿಂಗ್ ಮೆಷಿನ್ ಮುಂದೆ ನಿಂತವನ ಮೈ ಮಾತ್ರ ಮಾಚೇನಹಳ್ಳಿಯಲ್ಲಿ ಇರುತ್ತದೆ.

ಗ್ಯಾಲಪ್ ಅನ್ನುವ ಸಮೀಕ್ಷಾ ಸಂಸ್ಥೆಯವರ ಲೆಕ್ಕವನ್ನು ಎಲ್ಲರೂ ಸ್ಲೈಡಿನಲ್ಲಿ ಹಾಕುತ್ತಾರೆ. 2024ರಲ್ಲಿ ಜಗತ್ತಿನ ಕೆಲಸಗಾರರಲ್ಲಿ ಶೇ. 21ರಷ್ಟು ಜನ ಮಾತ್ರ ಮನಸ್ಸಿಟ್ಟು ದುಡಿಯುತ್ತಿದ್ದರು ಅಂತ. ನನಗೆ ಅದಕ್ಕಿಂತ ಅವರ ಇನ್ನೊಂದು ಮಾತು ಮುಖ್ಯ. ಒಂದು ತಂಡಕ್ಕೂ ಇನ್ನೊಂದಕ್ಕೂ ಕಾಣುವ ವ್ಯತ್ಯಾಸದಲ್ಲಿ ಸುಮಾರು 70 ಶೇಕಡಾ ಮ್ಯಾನೇಜರಿನಿಂದಲೇ ಬರುತ್ತದಂತೆ. ಹಾಗಂದರೆ ಹೆಡ್ ಆಫೀಸಿನ ಧ್ಯೇಯೋದ್ದೇಶ ಅಲ್ಲ, ‘ಕೊನೇ ಚೌಕಕ್ಕೆ ಟಿಕ್ ಹಾಕಿ’ ಅಂದ ಆ ಸೂಪರ್‌ವೈಸರ್. ಅವರ ಮೇಲೆ ಮೊದಲು ವಿಪರೀತ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ಹದಿನೈದು ವರ್ಷ ಚೆನ್ನಾಗಿ ಅಚ್ಚು ಮಾಡಿದರು ಅಂತ ಅವರನ್ನು ಸೂಪರ್‌ವೈಸರ್ ಮಾಡಿದ್ದೆವು. ಜನರನ್ನು ನೋಡಿಕೊಳ್ಳುವುದು ಹೇಗೆ ಅಂತ ಒಂದು ದಿನವೂ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ನಾವು ಅವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವತ್ತು ಎಷ್ಟು ಟನ್? ಸರ್ವೆಯನ್ನೂ ಅವರು ಟನ್ನಿನ ಹಾಗೇ ಮುಗಿಸಿಕೊಟ್ಟರು.

ದೊಡ್ಡಮ್ಮನ ಮೊಳೆ

ಈ ಕೆಲಸದ ಬಗ್ಗೆ ಏನೇ ಯೋಚಿಸಿದರೂ ನನ್ನ ತಲೆ ಹೋಗಿ ನಿಲ್ಲುವುದು ದೊಡ್ಡಮ್ಮನ ಮನೆ ಅಂಗಳದಲ್ಲಿ. ತೀರ್ಥಹಳ್ಳಿಯಿಂದ ಒಳಗೆ, ಬಸ್ ಇಳಿದು ಗದ್ದೆ ಬದುವಿನ ಮೇಲೆ ನಡೆಯಬೇಕಾದ ಊರು. ಕೊಯ್ಲಿನ ಕಾಲದಲ್ಲಿ ಹಗಲು ಕೊನೆಗೌಡ ಮರದಿಂದ ಮರಕ್ಕೆ ಜೀಕಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಿದ್ದ. ಸಂಜೆಯಾದರೆ ಚಪ್ಪರದ ಕೆಳಗೆ ಸುಲಿಯುವವರು ಬಂದು ಕೂರುತ್ತಿದ್ದರು. ಹತ್ತು ಹನ್ನೆರಡು ಹೆಂಗಸರು, ನಾಲ್ಕೈದು ಗಂಡಸರು. ಮೆಟ್ಟುಗತ್ತಿ, ಮಡಿಲಿಗೆ ಗೋಣಿಚೀಲ, ತಲೆಗೆ ಮಫ್ಲರ್. ಚೊಗರು ಹತ್ತಿ ಎಲ್ಲರ ಬೆರಳೂ ಕಪ್ಪು. ಕಚಕ್ ಕಚಕ್ ಸದ್ದು ರಾತ್ರಿ ಹನ್ನೊಂದರವರೆಗೆ. ಹತ್ತು ಗಂಟೆಗೆ ಬೆಲ್ಲದ ಕಾಫಿ, ಜೊತೆಗೆ ಅವಲಕ್ಕಿ. ಊರಿನ ಸುದ್ದಿ ಎಲ್ಲ ಅಲ್ಲೇ ಸುಲಿದು ಬೀಳುತ್ತಿತ್ತು. ಯಾರ ಮಗಳು ಯಾರ ಜೊತೆ ಮಾತಾಡಿದಳು ಅನ್ನುವುದರಿಂದ ಹಿಡಿದು ಯಾರ ಮನೆ ಡಬ್ಬ ಎಷ್ಟು ದೊಡ್ಡದು ಅನ್ನುವವರೆಗೆ.

ಡಬ್ಬದ ವಿಷಯ ಹೇಳಬೇಕು. ಸುಲಿದದ್ದಕ್ಕೆ ಕೂಲಿ ಡಬ್ಬದ ಲೆಕ್ಕ. ಸುಲಿದ ಅಡಿಕೆಯನ್ನು ಎಣ್ಣೆ ಡಬ್ಬಕ್ಕೆ ತುಂಬಿ ಅಳೆಯುತ್ತಾರೆ, ಒಂದು ಡಬ್ಬಕ್ಕೆ ಇಷ್ಟು ಅಂತ. ಕೇಳಲು ಸರಳ. ಆದರೆ ಡಬ್ಬದ ತಳವನ್ನು ಒಳಗಿನಿಂದ ನಾಲ್ಕು ಸಲ ಗುದ್ದಿದರೆ ಅದು ಹೊರಗೆ ಉಬ್ಬುತ್ತದೆ, ಎರಡು ಹಿಡಿ ಜಾಸ್ತಿ ಹಿಡಿಯುತ್ತದೆ. ತುಂಬುವಾಗ ಡಬ್ಬ ಕುಲುಕಿದರೆ ಅಡಿಕೆ ಇಳಿಯುತ್ತದೆ, ಮತ್ತೆ ಒಂದು ಹಿಡಿ. ಒಂದು ರಾತ್ರಿಗೆ ಒಬ್ಬಳು ಮೂರು ಡಬ್ಬ ಸುಲಿದರೆ ಇದು ಸಣ್ಣ ಲೆಕ್ಕ ಅಲ್ಲ. ಸುಲಿಯುವವರು ಎದುರಿಗೆ ಏನೂ ಅನ್ನುತ್ತಿರಲಿಲ್ಲ. ಒಡೆಯರ ಮನೆ, ಅನ್ನುವುದು ಹೇಗೆ? ಮುಂದಿನ ವರ್ಷ ಆ ಮನೆಯಿಂದ ಕರೆ ಬಂದರೆ ಅವರಿಗೂ ಜ್ವರ ಬರುತ್ತಿತ್ತು.

ಒಂದು ವರ್ಷ ದೊಡ್ಡಪ್ಪ ಪೇಟೆಯಿಂದ ಹೊಸ ಡಬ್ಬ ತಂದರು. ನಾನಾಗ ಆರನೇ ಕ್ಲಾಸೋ ಏಳನೇ ಕ್ಲಾಸೋ. ಎರಡು ರಾತ್ರಿ ಅಳೆದರು. ಮೂರನೇ ಸಂಜೆ ಸುಲಿಯುವವರ ಗುಂಪಿನ ಹಿರಿಯಳು ಸೆರಗಿನ ಮರೆಯಲ್ಲಿ ಒಂದು ಹಳೇ ಡಬ್ಬ ಹಿಡಿದುಕೊಂಡು ಬಂದಳು. ಬೇರೆ ಮನೆಯದ್ದು. ಯಾರ ಜೊತೆಯೂ ಮಾತಾಡಲಿಲ್ಲ. ನಮ್ಮ ಹೊಸ ಡಬ್ಬ ತುಂಬಿಸಿದಳು, ಅದನ್ನು ತಂದು ತನ್ನ ಡಬ್ಬಕ್ಕೆ ಸುರಿದಳು. ಹಳೇ ಡಬ್ಬ ತುಂಬಿ ಅಡಿಕೆ ಅಂಗಳದ ಮೇಲೆ ಉರುಳಿತು. ಕತ್ತಿಗಳ ಸದ್ದು ನಿಂತಿತು. ದೊಡ್ಡಪ್ಪ ಎದ್ದು ನಿಂತು, ‘ಎಂಥ, ನಾನು ಮೋಸ ಮಾಡ್ತೀನಿ ಅಂತಲಾ?’ ಅಂದರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಡಬ್ಬದ ಸೈಜೇ ಬೇರೆ ಇತ್ತು. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು, ಹೋಗಲೂ ಇಲ್ಲ, ಕೂರಲೂ ಇಲ್ಲ.

ದೊಡ್ಡಮ್ಮ ಒಳಗಿನಿಂದ ಒಂದು ಮೊಳೆ, ಒಂದು ಸುತ್ತಿಗೆ ತಂದಳು. ಹೊಸ ಡಬ್ಬ ಬರಿದು ಮಾಡಿಸಿದಳು. ಹಳೇ ಡಬ್ಬವನ್ನು ಸಮ ತುಂಬಿ, ಅದನ್ನು ಹೊಸದಕ್ಕೆ ಸುರಿಸಿದಳು. ಅಡಿಕೆ ಎಲ್ಲಿಗೆ ಬಂತೋ ಅಲ್ಲಿಗೆ ಆ ಹೆಂಗಸಿನ ಕೈಯಲ್ಲೇ ಮೊಳೆ ಹಿಡಿಸಿ, ತಾನು ಸುತ್ತಿಗೆಯಿಂದ ಹೊಡೆದು ತಗಡಿನಲ್ಲಿ ಗುರುತು ಮಾಡಿದಳು. ‘ಇಲ್ಲೀವರೆಗೆ. ಇನ್ನು ಮೇಲೆ ನೀವೇ ಅಳೀರಿ, ಇವರು ಬರ್ಕೊಳ್ತಾರೆ’ ಅಂದಳು. ಹಿಂದಿನ ಎರಡು ರಾತ್ರಿಯ ಲೆಕ್ಕವನ್ನೂ ತಿದ್ದಿಸಿದಳು. ದೊಡ್ಡಪ್ಪ ಆ ರಾತ್ರಿ ಊಟಕ್ಕೆ ತಡವಾಗಿ ಬಂದರು.

ಕೂಲಿ ರೇಟು ನಮ್ಮ ಮನೆಯಲ್ಲೂ ಊರಿನ ರೇಟೇ. ಒಂದು ಪೈಸೆ ಜಾಸ್ತಿ ಇರಲಿಲ್ಲ. ಆದರೂ ಮುಂದಿನ ವರ್ಷ ಆ ಗುಂಪು ಮೊದಲು ಬಂದದ್ದು ನಮ್ಮ ಅಂಗಳಕ್ಕೆ. ಅಡಿಕೆ ಮಾಡುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಸುಲಿಯುವ ಜನ ಸಿಗದೇ ಕೊಯ್ಲು ಮುಂದೆ ಹೋದರೆ ಕಾಯಿ ಹಣ್ಣಾಗಿ ಗೋಟಿಗೆ ಹೋಗುತ್ತದೆ, ಕೆಂಪಡಿಕೆಯ ದರ ಸಿಗುವುದಿಲ್ಲ. ಈಗ ಸುಲಿಯುವ ಮೆಷಿನ್ ಬಂದಿದೆ, ಚಪ್ಪರದಲ್ಲಿ ಮೊದಲಿನಷ್ಟು ಜನ ಇಲ್ಲ. ಆ ಡಬ್ಬ ಈಗಲೂ ಅಟ್ಟದ ಮೇಲೆ ಇದೆ. ಕಳೆದ ಸಲ ಹೋದಾಗ ನೋಡಿದೆ, ತುಕ್ಕು ಹಿಡಿದಿದೆ, ಗುರುತು ಮಾತ್ರ ಕಾಣುತ್ತದೆ.

ಬೀಗ ಹಾಕಿದ ಪೆಟ್ಟಿಗೆ

ನಮ್ಮ ಫ್ಯಾಕ್ಟರಿಯಲ್ಲೂ ಡಬ್ಬ ಉಬ್ಬಿತ್ತು. ಯಾರೂ ಬೇಕಂತ ಗುದ್ದಿರಲಿಲ್ಲ. ಮೋಲ್ಡರ್‌ಗಳಿಗೆ ಟಾರ್ಗೆಟ್ ಮೀರಿದರೆ ಇನ್ಸೆಂಟಿವ್ ಇತ್ತು. ರಿಜೆಕ್ಟ್ ಆದ ಕಾಸ್ಟಿಂಗ್ ಅನ್ನು ಆ ಲೆಕ್ಕದಿಂದ ಕಳೆಯುತ್ತಿದ್ದೆವು. ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ಆದರೆ ಎರಕದಲ್ಲಿ ಗಾಳಿಗುಳ್ಳೆ, ಅದೇ ಬ್ಲೋ ಹೋಲ್, ಎಷ್ಟೋ ಸಲ ಮೇಲೆ ಕಾಣುವುದೇ ಇಲ್ಲ. ಗಿರಾಕಿಯ ಹತ್ತಿರ ಮೆಷಿನಿಂಗಿಗೆ ಹೋಗಿ, ಮೇಲಿನ ಪದರ ಕೆತ್ತಿದ ಮೇಲೆ ತೂತು ಕಾಣುತ್ತದೆ. ಅದು ವಾಪಸ್ ಬರುವಾಗ ವಾರಗಳೇ ಕಳೆದಿರುತ್ತವೆ. ಮಾಡಿದವನಿಗೆ ಆ ದಿನ ನೆನಪೂ ಇರುವುದಿಲ್ಲ, ಸಂಬಳದ ಚೀಟಿಯಲ್ಲಿ ಮಾತ್ರ ಕಡಿಮೆಯಾಗಿರುತ್ತದೆ. ಗುಳ್ಳೆಗೆ ಕಾರಣ ಬಹಳಷ್ಟು ಸಲ ಅವನ ಕೈ ಅಲ್ಲ, ಮರಳು. ಅಚ್ಚಿನ ಮರಳಿನಲ್ಲಿ ನೀರು ಶೇ. 3, 4ರ ಆಸುಪಾಸು ಇರಬೇಕು. ಜಾಸ್ತಿಯಾದರೆ, 1400 ಡಿಗ್ರಿಯ ಹತ್ತಿರ ಇರುವ ಕಬ್ಬಿಣ ಮೇಲೆ ಬಿದ್ದ ಕೂಡಲೇ ಆವಿಯಾಗುತ್ತದೆ, ಆವಿಗೆ ಹೊರಗೆ ಹೋಗಲು ದಾರಿ ಸಿಗದಿದ್ದರೆ ಕಬ್ಬಿಣದೊಳಗೇ ಕೂರುತ್ತದೆ. ಜುಲೈ ತಿಂಗಳ ಶಿವಮೊಗ್ಗದಲ್ಲಿ ಒಣಗಿದ್ದು ಅಂತ ಏನಿರುತ್ತದೆ ಹೇಳಿ? ಒಗೆದ ಬನಿಯನ್ ನಾಲ್ಕು ದಿನ ಹಗ್ಗದ ಮೇಲೇ ಇರುತ್ತದೆ.

ಟೈಮ್ ಆಫೀಸಿನ ಪಕ್ಕ ಒಂದು ಸಲಹಾ ಪೆಟ್ಟಿಗೆ ಇತ್ತು. ನಾನು ಸೇರುವ ಮೊದಲೇ ಯಾರೋ ಹಾಕಿಸಿದ್ದು. ಈ ಪೆಟ್ಟಿಗೆಗಳಿಗೆ ದೊಡ್ಡ ಇತಿಹಾಸ ಇದೆ. ಕೊಡಾಕ್ ಕಂಪನಿ 1898ರಲ್ಲೇ ಸಲಹೆಗೆ ದುಡ್ಡು ಕೊಡುವ ಪದ್ಧತಿ ಶುರು ಮಾಡಿತ್ತು. ಕಿಟಕಿ ತೊಳೆದರೆ ಬೆಳಕು ಚೆನ್ನಾಗಿ ಬರುತ್ತದೆ ಅಂದವನಿಗೆ ಎರಡು ಡಾಲರ್ ಬಹುಮಾನ. ನಮ್ಮ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿತ್ತು. ಕೀ ಯಾರ ಹತ್ತಿರ ಇದೆ ಅಂತ ಅಡ್ಮಿನ್‌ನವರು ಸ್ಟೋರ್ಸ್ ಕಡೆ ತೋರಿಸಿದರು, ಸ್ಟೋರ್ಸ್‌ನವರು ಸೆಕ್ಯುರಿಟಿ ಕಡೆ. ಸರ್ವೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಫೆಟ್ಲಿಂಗಿನಿಂದ ಒಬ್ಬರನ್ನು ಕರೆಸಿ ಬೀಗ ಒಡೆಸಿದೆ.

ಒಳಗೆ ಗುಟ್ಕಾ ಕವರ್‌ಗಳು, ಒಂದು ಬಸ್ ಟಿಕೆಟ್, ಸತ್ತ ಜಿರಳೆ. ಹನ್ನೊಂದು ಚೀಟಿ. ಎರಡರಲ್ಲಿ ಬೈಗುಳ, ಅದರಲ್ಲೊಂದು ನಿಜಕ್ಕೂ ಚೆನ್ನಾಗಿತ್ತು, ಇಲ್ಲಿ ಬರೆಯುವ ಹಾಗಿಲ್ಲ. ರಾತ್ರಿ ಹತ್ತಕ್ಕೆ ಶಿಫ್ಟ್ ಬಿಟ್ಟ ಮೇಲೆ ಕಂಪನಿ ಬಸ್ಸು ಸರ್ಕಲ್‌ವರೆಗಾದರೂ ಬರಲಿ, ಮಳೆಯಲ್ಲಿ ಹೈವೇ ಬದಿ ನಿಲ್ಲುವುದು ಕಷ್ಟ ಅಂತ ಮೂರು ಜನ ಬರೆದಿದ್ದರು. ಇನ್ನು ಮೂರು ಚೀಟಿಗಳಲ್ಲಿ ಒಂದೇ ಕೈಬರಹ. ಮೊದಲನೆಯದರಲ್ಲಿ ವಿವರವಾಗಿ ಬರೆದಿತ್ತು: ‘ಹೊಸ ಮರಳು ಹಾಕುವ ಶೆಡ್ಡಿನ ಪಶ್ಚಿಮದ ಕಡೆ ತಗಡು ಗಿಡ್ಡ ಇದೆ. ಗಾಳಿ ಮಳೆಗೆ ಎರಚಲು ಹೊಡೆದು ಮರಳು ಒದ್ದೆ ಆಗುತ್ತದೆ. ಎರಡು ತಗಡು ಹಾಕಿದರೆ ಸಾಕು.’ ಕೆಳಗೆ ತಾರೀಕು. ಎರಡನೆಯದು ಮುಂದಿನ ವರ್ಷದ್ದು, ಸ್ವಲ್ಪ ಚಿಕ್ಕದು. ಮೂರನೆಯದು ಅದರ ಮುಂದಿನ ವರ್ಷದ್ದು. ಅದರಲ್ಲಿ ಎರಡೇ ಪದ. ‘ತಗಡು. ಮರಳು.’

ಆ ಮೂರು ಚೀಟಿ ಟೇಬಲ್ ಮೇಲೆ ಸಾಲಾಗಿ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಒಬ್ಬ ಮನುಷ್ಯ ಕೆಲಸದಿಂದ ಮನಸ್ಸು ಕಿತ್ತುಕೊಳ್ಳುವುದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದು ಅವತ್ತೇ, ವರ್ಷಕ್ಕೊಂದು ಚೀಟಿಯ ಲೆಕ್ಕದಲ್ಲಿ. ಬರೆದವರು ಯಾರು ಅಂತ ಹುಡುಕಿದೆ. ನನಗೆ ಟೋಕನ್ ನಂಬರಿನ ಗುಟ್ಟು ಹೇಳಿದ ಅದೇ ಹಳೇ ಮೋಲ್ಡರ್. ನಾಲ್ಕನೇ ವರ್ಷ ಯಾಕೆ ಬರೆಯಲಿಲ್ಲ ಅಂದೆ. ‘ಪೆನ್ನು ಖಾಲಿ ಆಯ್ತು ಮೇಡಂ’ ಅಂದರು. ನಗಲಿಲ್ಲ.

ತಗಡು ಎರಡು ದಿನದಲ್ಲಿ ಹಾಕಿಸಿದೆವು. ಆ ಮಳೆಗಾಲ ಗಿರಾಕಿಗಳಿಂದ ವಾಪಸ್ ಬಂದ ಗುಳ್ಳೆಯ ಮಾಲು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಪೂರ್ತಿ ತಗಡಿನಿಂದಲೇ ಅಂತ ಹೇಳಲಾರೆ. ಅದೇ ಹೊತ್ತಿಗೆ ಕ್ವಾಲಿಟಿಯವರು ಮರಳಿನ ತೇವ ನೋಡುವುದನ್ನು ಶಿಫ್ಟಿಗೆ ಒಂದು ಸಲ ಇದ್ದದ್ದನ್ನು ಎರಡು ಗಂಟೆಗೊಮ್ಮೆಗೆ ಏರಿಸಿದ್ದರು. ಆದರೆ ಆ ಎರಡು ಗಂಟೆಯ ಲೆಕ್ಕ ಶುರುವಾದದ್ದೂ ಆ ಚೀಟಿ ಓದಿದ ಮೇಲೆಯೇ. ಇನ್ಸೆಂಟಿವ್ ಲೆಕ್ಕವನ್ನೂ ಬದಲಾಯಿಸಿದೆವು. ಮರಳಿನ ಟೆಸ್ಟ್ ತಪ್ಪಿದ ಹೊತ್ತಿನ ರಿಜೆಕ್ಷನ್ ಮೋಲ್ಡರ್ ತಲೆಗೆ ಬರುವುದಿಲ್ಲ. ಟೆಸ್ಟಿನ ಫಲಿತಾಂಶ ಲೈನಿನ ಪಕ್ಕದ ಬೋರ್ಡ್ ಮೇಲೆ, ಅವರ ಕಣ್ಣೆದುರಿಗೇ ಬರೆಯಬೇಕು. ಫೈನಾನ್ಸ್‌ನವರು ಇದರಿಂದ ಖರ್ಚು ಜಾಸ್ತಿ ಅಂದರು. ಅವರ ಜೊತೆ ಮೂರು ಮೀಟಿಂಗ್ ಆಯಿತು. ದೊಡ್ಡಮ್ಮನಿಗೆ ಒಂದು ಮೊಳೆ ಸಾಕಾಗಿತ್ತು.

ಗೋಡೆ ಮೇಲಿನ ಫೋಟೋ

ನಾನು ಮಾಡಿದ ಎಡವಟ್ಟುಗಳನ್ನೂ ಬರೆದುಬಿಡುತ್ತೇನೆ. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಐಟಿ ಕಂಪನಿಗಳಲ್ಲಿ ಎಚ್‌ಆರ್ ಮಾಡಿ ಬಂದವಳು. ಬಂದ ಹೊಸದರಲ್ಲಿ ‘ತಿಂಗಳ ಉತ್ತಮ ಕೆಲಸಗಾರ’ ಶುರು ಮಾಡಿದೆ. ಗೇಟಿನ ಹತ್ತಿರ ಗೋಡೆಯ ಮೇಲೆ ದೊಡ್ಡ ಫೋಟೋ, ಚಿನ್ನದ ಬಣ್ಣದ ಫ್ರೇಮು. ಮೊದಲ ತಿಂಗಳು ಆಯ್ಕೆಯಾದವರು ಮೂರನೇ ದಿನ ನನ್ನ ಕ್ಯಾಬಿನ್ನಿಗೆ ಬಂದು ಬಾಗಿಲಲ್ಲೇ ನಿಂತರು. ‘ಆ ಫೋಟೋ ತೆಗೆಸ್ಬಿಡಿ ಮೇಡಂ. ಹಾರ ಒಂದು ಬಾಕಿ ಅಂತಾರೆ ಎಲ್ಲರೂ. ಮನೇಲಿ ಹೆಂಡತಿ ಬೇಜಾರು ಮಾಡ್ಕೊಂಡಿದ್ದಾಳೆ.’ ನಮ್ಮಲ್ಲಿ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕುವುದು ಯಾರನ್ನು ಅಂತ ನನಗೂ ಹೊಳೆಯಬೇಕಿತ್ತು.

ಹರ್ಜ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲಿ ಹೇಳಿದ್ದು ಎಲ್ಲ ಎಚ್‌ಆರ್‌ನವರಿಗೂ ಗೊತ್ತು. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರ್‌ಗಳನ್ನೂ ಅಕೌಂಟೆಂಟ್‌ಗಳನ್ನೂ ಮಾತಾಡಿಸಿ, ಬೇಜಾರು ತರಿಸುವ ವಿಷಯಗಳೇ ಬೇರೆ, ಹುರುಪು ತರುವ ವಿಷಯಗಳೇ ಬೇರೆ ಅಂದರು. ಸಂಬಳ, ಸೌಕರ್ಯ, ಕಂಪನಿಯ ನಿಯಮ ಮೊದಲ ಗುಂಪಿಗೆ. ಕೆಲಸದ ಖುಷಿ, ಮೆಚ್ಚುಗೆ, ಜವಾಬ್ದಾರಿ ಎರಡನೆಯದಕ್ಕೆ. ನನಗೆ ಆ ಗೆರೆ ಇಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ರಾತ್ರಿಯ ಬಸ್ಸನ್ನು ಸರ್ಕಲ್‌ವರೆಗೆ ಬಿಡಲು ಶುರು ಮಾಡಿದಾಗ ಅದು ಬರೀ ಸೌಕರ್ಯ ಆಗಿರಲಿಲ್ಲ. ‘ನಾವು ಬರೆದದ್ದು ಓದಿದ್ದಾರೆ’ ಅಂತ ಶಿಫ್ಟಿಡೀ ಮಾತಾಡಿಕೊಂಡರು. ಪಕ್ಕದ ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ಆ ಊರಿಗೆ ಫ್ಯಾಕ್ಟರಿ ಅಂದರೆ ಕ್ವಾರ್ಟರ್ಸು, ಸ್ಕೂಲು, ಆಸ್ಪತ್ರೆ, ಸೈರನ್ನು ಎಲ್ಲ ಸೇರಿದ್ದು. ನಮ್ಮಲ್ಲಿ ಮೂರನೇ ತಲೆಮಾರಿನ ಕೆಲಸಗಾರರಿದ್ದಾರೆ. ‘ನಮ್ಮಜ್ಜನ ಕಾಲದಲ್ಲಿ’ ಅಂತ ಅವರು ಶುರು ಮಾಡಿದರೆ ಕೂತು ಕೇಳುವುದು ಒಳ್ಳೆಯದು. ನಮ್ಮನ್ನು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಅಡಿಕೆ ಜ್ವರಕ್ಕೆ ಔಷಧಿ

ಪೆಟ್ಟಿಗೆ ತೆಗೆದುಹಾಕಿದೆವು. ಅದರ ಜಾಗದಲ್ಲಿ ಪ್ರತಿ ಲೈನಿಗೂ ಒಂದು ಉದ್ದ ನೋಟ್‌ಬುಕ್, ದಾರ ಕಟ್ಟಿ ಮೊಳೆಗೆ ನೇತುಹಾಕಿದ್ದು. ಏನು ಹೇಳಿದರು, ಯಾವಾಗ, ಏನಾಯಿತು, ಆಗದಿದ್ದರೆ ಯಾಕೆ. ನಾಲ್ಕು ಕಾಲಂ. ಶಿಫ್ಟಿನ ಮೊದಲ ಹತ್ತು ನಿಮಿಷ ಸೂಪರ್‌ವೈಸರ್ ಇದನ್ನು ಗಟ್ಟಿಯಾಗಿ ಓದಬೇಕು. ನಾಲ್ಕನೇ ಕಾಲಂ ತುಂಬಿಸಲು ಮ್ಯಾನೇಜರ್‌ಗಳಿಗೆ ಮೊದಲು ಇಷ್ಟವಿರಲಿಲ್ಲ. ಆಗಲ್ಲ ಅಂತ ಬರೆದರೆ ಜನ ಸಿಟ್ಟಾಗುತ್ತಾರೆ ಅನ್ನುವ ಹೆದರಿಕೆ. ನಿಜವಾಗಿ ಆದದ್ದು ಬೇರೆ. ಫೆಟ್ಲಿಂಗಿನವರು ಎಸಿ ಕೇಳಿದರು. ‘ಆಗಲ್ಲ, ಈ ದೂಳಿಗೆ ತಿಂಗಳೂ ಬಾಳಲ್ಲ, ದೊಡ್ಡ ಫ್ಯಾನ್ ಎರಡು ಹಾಕ್ತೀವಿ’ ಅಂತ ಬರೆದೆವು. ಯಾರೂ ಗಲಾಟೆ ಮಾಡಲಿಲ್ಲ. ಫ್ಯಾನು ಬಂತಾ ಅಂತ ಮಾತ್ರ ದಿನಾ ಕೇಳಿದರು. ಮೊದಲ ಎರಡು ತಿಂಗಳು ಆ ಹತ್ತು ನಿಮಿಷ ಶುದ್ಧ ಹಿಂಸೆ. ಸೂಪರ್‌ವೈಸರ್‌ಗಳು ಶಾಲೆ ಮಕ್ಕಳ ಹಾಗೆ ಓದುತ್ತಿದ್ದರು, ಕೇಳುವವರು ಆಕಾಶ ನೋಡುತ್ತಿದ್ದರು. ಮೂರನೇ ತಿಂಗಳಲ್ಲಿ ಯಾರೋ ಒಬ್ಬರು, ‘ಹೋದ ಗುರುವಾರದ್ದು ಓದಲೇ ಇಲ್ವಲ್ಲ ಸಾರ್’ ಅಂದರು. ಅವತ್ತು ಆ ಸೂಪರ್‌ವೈಸರ್‌ಗೆ ಮುಜುಗರ, ನನಗೆ ಹಬ್ಬ.

ನವೆಂಬರಿನ ಜ್ವರದ ವಿಷಯ ಎದ್ದದ್ದೂ ಆ ನೋಟ್‌ಬುಕ್ಕಿನಲ್ಲೇ. ಕೊಯ್ಲಿಗೆ ರಜೆ ಕೊಡ್ತೀರಾ ಅಂತ ಒಬ್ಬರು ಬರೆದರು. ಎಲ್ಲರಿಗೂ ಒಟ್ಟಿಗೆ ಆಗಲ್ಲ, ನೀವೇ ಸರದಿ ಮಾಡಿಕೊಟ್ಟರೆ ಆಗುತ್ತೆ ಅಂತ ನಾನು ಬರೆದೆ. ಕ್ಯಾಂಟೀನ್ ಗೋಡೆಯ ಮೇಲೆ ಅಕ್ಟೋಬರಿನಿಂದ ಜನವರಿವರೆಗಿನ ಕ್ಯಾಲೆಂಡರ್ ಅಂಟಿಸಿದೆವು. ಒಂದು ದಿನಕ್ಕೆ ಒಂದು ಲೈನಿನಿಂದ ಇಷ್ಟೇ ಜನ. ಆಮೇಲೆ ನಡೆದ ವ್ಯಾಪಾರ ನೋಡಬೇಕಿತ್ತು. ಭದ್ರಾವತಿ ಪೇಟೆಯ ಹುಡುಗರಿಗೆ ತೋಟ ಇಲ್ಲ, ಅವರಿಗೆ ಬೇಕಾದದ್ದು ಹೊಸ ವರ್ಷದ ರಾತ್ರಿ, ಜಾತ್ರೆ, ಅಕ್ಕನ ಮದುವೆ. ತೀರ್ಥಹಳ್ಳಿಯವರು ತಮ್ಮ ಡಿಸೆಂಬರ್ 31 ಬಿಟ್ಟುಕೊಟ್ಟು ನವೆಂಬರಿನ ಎರಡು ದಿನ ತಗೊಂಡರು. ಒಬ್ಬರು ಜಾತ್ರೆಯ ದಿನವನ್ನು ಒಂದು ಕೆಜಿ ಜೇನುತುಪ್ಪದ ಮೇಲೆ ಬದಲಾಯಿಸಿಕೊಂಡರಂತೆ. ನಾನು ಕೇಳಿಸಿಕೊಂಡಿಲ್ಲ ಅಂತ ಇಟ್ಟುಕೊಳ್ಳಿ. ಆ ವರ್ಷ ದೀಪಾವಳಿ ಕಳೆದ ಮೇಲೆ ಲೈನ್ ನಿಲ್ಲಲಿಲ್ಲ. ರಜೆಯ ಒಟ್ಟು ದಿನಗಳೇನೂ ಕಡಿಮೆ ಆಗಿರಲಿಲ್ಲ, ಯಾವ ದಿನ ಅಂತ ಮೊದಲೇ ಗೊತ್ತಿತ್ತು, ಅಷ್ಟೇ.

ಹಬ್ಬದ ರಜೆಯ ಪಟ್ಟಿಯನ್ನೂ ಹಾಗೇ ನೋಡಿದೆವು. ಕರ್ನಾಟಕದಲ್ಲಿ ಇದಕ್ಕೆ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು ಕಡ್ಡಾಯ. ಇನ್ನು ಐದು ಹಬ್ಬದ ರಜೆ ಆರಿಸಿಕೊಳ್ಳುವಂಥದ್ದು. ನಮ್ಮ ಐದು ಪ್ರತಿ ವರ್ಷ ಬೆಂಗಳೂರಿನಲ್ಲೇ ತೀರ್ಮಾನವಾಗಿ ಬರುತ್ತಿದ್ದವು. ಇಲ್ಲಿ ಕೇಳಿದರೆ ಸಾಗರ, ಸೊರಬ, ಹೊಸನಗರದವರೆಲ್ಲ ಒಂದೇ ಹೆಸರು ಹೇಳಿದರು. ಭೂಮಿ ಹುಣ್ಣಿಮೆ. ರಾತ್ರಿಯಿಡೀ ಅಡುಗೆ, ಬೆಳಗಿನ ಜಾವ ಕತ್ತಲಲ್ಲೇ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬಸುರಿ ಭೂಮಿಗೆ ಬಡಿಸಬೇಕು. ಆರು ಗಂಟೆಯ ಶಿಫ್ಟಿಗೆ ಅವರು ಬರುವುದು ಹೇಗೆ? ಪ್ರತಿ ವರ್ಷ ಆ ದಿನ ಗೈರು ಹಾಕಿ, ಸಂಬಳ ಕಳೆದು, ಎಚ್ಚರಿಕೆ ಪತ್ರವನ್ನೂ ಕೊಟ್ಟಿದ್ದೆವು. ಅದರಲ್ಲಿ ನನ್ನದೇ ಸಹಿ. ನಮ್ಮ ಮನೆಯಲ್ಲೂ ಅದೇ ಹಬ್ಬ ಮಾಡುತ್ತಾರೆ.

ಇದರಿಂದ ವ್ಯವಹಾರ ಎಷ್ಟು ಬೆಳೆಯಿತು ಅಂತ ಎಂಡಿ ಕೇಳುತ್ತಾರೆ. ಕೇಳಬೇಕು, ಅದು ಅವರ ಕೆಲಸ. ನನ್ನ ಹತ್ತಿರ ಒಂದು ಸಾಲಿನ ಉತ್ತರ ಇಲ್ಲ. ವಾಪಸ್ ಬರದ ಮಾಲು ಲೆಕ್ಕಕ್ಕೆ ಸಿಗುತ್ತದೆ. ನಿಲ್ಲದ ಲೈನು ಸಿಗುತ್ತದೆ. ಪಕ್ಕದ ಫ್ಯಾಕ್ಟರಿಯಲ್ಲಿ ಸಾವಿರ ರೂಪಾಯಿ ಜಾಸ್ತಿ ಕೊಡುತ್ತೇವೆ ಅಂದಾಗಲೂ ಹೋಗದೇ ಉಳಿದ ಮೋಲ್ಡರ್‌ಗಳನ್ನು ಯಾವ ಕಾಲಂನಲ್ಲಿ ಬರೆಯಲಿ? ಹೊಸಬನ ಕೈ ಪಳಗಲು ವರ್ಷ ಬೇಕು. ಅಷ್ಟು ದಿನ ಅವನು ಕೆಡಿಸುವ ಅಚ್ಚು, ಅವನ ಪಕ್ಕ ನಿಂತು ಕಲಿಸುವವನ ಹೊತ್ತು, ಎರಡೂ ಖರ್ಚೇ. ಹೊಸ ಗಿರಾಕಿಯೊಬ್ಬರು ಆಡಿಟ್ಟಿಗೆ ಬಂದಾಗ ನಮ್ಮ ಪವರ್‌ಪಾಯಿಂಟ್ ಅರ್ಧಕ್ಕೆ ಬಿಟ್ಟು ಲೈನಿಗೆ ನಡೆದರು. ಮೊಳೆಗೆ ನೇತುಹಾಕಿದ್ದ ನೋಟ್‌ಬುಕ್ ಬಿಚ್ಚಿ, ಕನ್ನಡ ಓದಲು ಬರದಿದ್ದರೂ, ನಾಲ್ಕನೇ ಕಾಲಂ ತೋರಿಸಿ ಇದೇನು ಅಂತ ಕೇಳಿದರು. ಉತ್ತರ ಹೇಳಿದ್ದು ಹಳೇ ಮೋಲ್ಡರ್, ಅರ್ಧ ಹಿಂದಿಯಲ್ಲಿ, ಅರ್ಧ ಕೈಸನ್ನೆಯಲ್ಲಿ. ಆರ್ಡರ್ ಬಂತು. ಬೆಲೆಯೂ ಕಾರಣ ಇರಬಹುದು, ಆ ವಾರ ನಮ್ಮದೇ ಕಡಿಮೆ ಇತ್ತು.

ಈ ವರ್ಷ ಸರ್ವೆ ಮತ್ತೆ ಬಂತು. ಈ ಸಲ ಟೋಕನ್ ನಂಬರಿನ ಜಾಗವನ್ನು ಕತ್ತರಿಯಿಂದ ಕತ್ತರಿಸಿಯೇ ಫಾರಂ ಹಂಚಿದೆ. ಕೆಲಸದ ಹೊತ್ತಿನಲ್ಲೇ ಹದಿನೈದು ನಿಮಿಷ ಕೊಟ್ಟೆವು, ಊಟದ ಹೊತ್ತಿನಲ್ಲಲ್ಲ. ಬರೆದವರು ತಾವೇ ಬಂದು ಗೋಣಿಚೀಲಕ್ಕೆ ಹಾಕಬೇಕು. ಸೂಪರ್‌ವೈಸರ್ ಆ ಕಡೆ ಬರುವ ಹಾಗಿಲ್ಲ. ಮೊನ್ನೆ ಲೆಕ್ಕ ಬಂತು, ಐದಕ್ಕೆ 3.6. ಕಂಪನಿಯಲ್ಲಿ ಕೊನೆಯಿಂದ ಎರಡನೆಯವರು. ಕೇಕ್ ಇಲ್ಲ. ಶುಕ್ರವಾರದೊಳಗೆ ಆ್ಯಕ್ಷನ್ ಪ್ಲಾನ್ ಕಳಿಸಿ ಅಂತ ಮೇಲ್ ಬಂದಿದೆ, ಎಂಡಿಗೂ ಒಂದು ಕಾಪಿ ಹೋಗಿದೆ.

ನಿನ್ನೆ ರಾತ್ರಿ ಫಾರಂಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದೆ. ಎರಡಕ್ಕೆ ಟಿಕ್, ನಾಲ್ಕಕ್ಕೆ ಟಿಕ್, ಮೂರಕ್ಕೆ ಹಾಕಿ ಹೊಡೆದು ಎರಡಕ್ಕೆ ಹಾಕಿದ್ದು. ಒಬ್ಬರು ಕ್ಯಾಂಟೀನಿನ ಪ್ರಶ್ನೆಯ ಮುಂದೆ, ಒಂದನೇ ಚೌಕದ ಎಡಗಡೆ ಪೆನ್ನಿನಲ್ಲಿ ಇನ್ನೊಂದು ಚೌಕ ಬರೆದುಕೊಂಡು ಅದಕ್ಕೆ ಟಿಕ್ ಹಾಕಿದ್ದಾರೆ. ಪಕ್ಕದಲ್ಲಿ ಒಂದೇ ಪದ: ‘ಸಾರು’. ಶುಕ್ರವಾರಕ್ಕೆ ಇನ್ನೂ ಎರಡು ದಿನ ಇದೆ. ನಾಳೆ ಮಧ್ಯಾಹ್ನ ಮನೆಯಿಂದ ಡಬ್ಬಿ ಒಯ್ಯುವುದಿಲ್ಲ, ಕ್ಯಾಂಟೀನಲ್ಲೇ ಊಟ.